ಹಿತ್ತಲ ಕಟ್ಟಡಗಳ ಲೆಕ್ಕಾಚಾರ

ಮಾಲೀಕ ಬಂಧುಗಳೇ, ನಮ್ಮ ನಾಂಪಲ್ಲಿಗೆ ಹತ್ತಿರದ ಕೋಠಿಯಲ್ಲಿ, 2022ರಲ್ಲಿ ವಿಶ್ವವಿದ್ಯಾಲಯವಾದ ಮಹಿಳಾ ಕಾಲೇಜಿನ ಆವರಣದಲ್ಲಿ ಹಳೇ ಬ್ರಿಟಿಷ್ ರೆಸಿಡೆನ್ಸಿ ಇದೆ. 1803ರಲ್ಲಿ ಕಟ್ಟಲು ಆರಂಭಿಸಿದ ಈ ಬಂಗಲೆ ಇಂಗ್ಲೆಂಡಿನ ಜಮೀನ್ದಾರರ ಮನೆಗಳ ಮಾದರಿಯದು.

ಅಲ್ಲಿನ ಅನೇಕ ದೊಡ್ಡ ಮನೆಗಳಲ್ಲಿ ಬೆಂಕಿ, ಹೊಗೆ, ವಾಸನೆಗೆ ಹೆದರಿ ಅಡುಗೆಮನೆಯನ್ನು ದೂರವಿಡುತ್ತಿದ್ದರು. ಸಸೆಕ್ಸ್‌ನ ಪೆಟ್‌ವರ್ತ್ ಹೌಸ್‌ನಲ್ಲಿ ಅದು ಬೇರೆ ಕಟ್ಟಡವೇ. ಊಟ ಸುರಂಗದ ಮೂಲಕ ಬರುತ್ತಿತ್ತು. ಹಾಲಿನ ಕೋಣೆಗೆ ಬಿಸಿಲು ಬೀಳದ ಉತ್ತರ ದಿಕ್ಕು, ಕಲ್ಲಿನ ಹಲಗೆ. ಚಳಿಗಾಲದಲ್ಲಿ ಕೆರೆಯಿಂದ ಒಡೆದು ತಂದ ಮಂಜುಗಡ್ಡೆಯನ್ನು ನೆಲದಡಿಯ ಇಟ್ಟಿಗೆ ಗುಂಡಿಯಲ್ಲಿ ಹುಲ್ಲು ಮುಚ್ಚಿಟ್ಟರೆ ಬೇಸಿಗೆವರೆಗೂ ಉಳಿಯುತ್ತಿತ್ತು.

ನಮ್ಮ ದೇಶದ ಇಂಗ್ಲಿಷರ ಬಂಗಲೆಗಳಲ್ಲೂ ಬಾವರ್ಚಿಖಾನೆ ಸಾಮಾನ್ಯವಾಗಿ ಹಿತ್ತಲಲ್ಲಿ. ಊಟ ಆರುವ ತೊಂದರೆ ಇತ್ತು, ಆದರೂ ಮನೆ ಸುರಕ್ಷಿತ.

ನಮ್ಮ ಹಳೇ ಹೋಟೆಲುಗಳ ಹಿಂದಿನ ಒಲೆಮನೆ, ಸಿಲಿಂಡರ್ ಶೆಡ್, ಪಾತ್ರೆ ತೊಳೆಯುವ ಜಾಗವೂ ಇದೇ ಲೆಕ್ಕದವು. ನಾಲ್ಕು ಟೇಬಲ್ ಹೆಚ್ಚಿಗೆ ಹಾಕುವ ಆಸೆಗೆ ಅವನ್ನು ಕೆಡವಿದರೆ ಒಲೆ, ಸಿಲಿಂಡರ್, ಗಿರಾಕಿ ಎಲ್ಲವೂ ಒಂದೇ ಸೂರಿನಡಿ ಬರುತ್ತವೆ. ಬೆಂಕಿ ಹತ್ತಿದ ದಿನ ಆ ನಾಲ್ಕು ಟೇಬಲ್ಲಿನ ವ್ಯಾಪಾರ ನಮ್ಮನ್ನು ಕಾಯುವುದಿಲ್ಲ. ಆದ್ದರಿಂದ ದುರಸ್ತಿಗೆ ಕೈಹಾಕುವ ಮುನ್ನ ಹಿಂಭಾಗದ ನಕ್ಷೆಯನ್ನೇ ಮೊದಲು ನೋಡಿ.