ಐದರಲ್ಲಿ ಎಷ್ಟು ಸ್ಟಾರ್?

ಹೋದ ಸೆಮ್‌ನಲ್ಲಿ ನಮ್ಮ ಕನ್ನಡ ಬಳಗದವರು ಒಂದು ಗೂಗಲ್ ಫಾರ್ಮ್ ಕಳಿಸಿದ್ದು ನೆನಪಿರಬಹುದು. ಒಂದು ರಾಕ್ ಆಲ್ಬಂ, ಒಂದು ಜನಪ್ರಿಯ ಕಾದಂಬರಿ. ಎರಡಕ್ಕೂ ಐದರಲ್ಲಿ ಎಷ್ಟು ಸ್ಟಾರ್ ಕೊಡ್ತೀರಿ ಅಂತ ಹೇಳಿ, ಅಷ್ಟೇ. ಆಲ್ಬಂ ರಘು ದೀಕ್ಷಿತ್ ಅವರ ಮೊದಲನೆಯದು, 2008ರದು. ಕಾದಂಬರಿ ಟಿ.ಕೆ. ರಾಮರಾವ್ ಅವರ ‘ಬಂಗಾರದ ಮನುಷ್ಯ’. ಚೆನ್ನಾಗಿ ನಡೆದ್ರೆ ಪ್ರತಿ ತಿಂಗಳೂ ಇಲ್ಲೇ ರೇಟಿಂಗ್ ಹಾಕೋಣ ಅಂದುಕೊಂಡಿದ್ವಿ. ಹಾಕಲಿಲ್ಲ. ಯಾಕೆ ಅನ್ನೋದೇ ಈ ಲೇಖನ.

ಎರಡರ ಆವರೇಜೂ ಮೂರರ ಆಸುಪಾಸಿಗೆ ಬಂತು. ‘ಪರವಾಗಿಲ್ಲ’ ಅಂತ ಅರ್ಥ ತಾನೇ? ಆದರೆ ಆಲ್ಬಂಗೆ ಮೂರು ಕೊಟ್ಟವರು ಹೆಚ್ಚುಕಮ್ಮಿ ಇರಲೇ ಇಲ್ಲ. ಇದ್ದಿದ್ದು ಐದು, ಇಲ್ಲಾ ಒಂದು. ಇದು ಆನ್‌ಲೈನ್ ರೇಟಿಂಗ್‌ಗಳಲ್ಲಿ ಸಾಮಾನ್ಯ. ತುಂಬಾ ಇಷ್ಟಪಟ್ಟವರು, ತುಂಬಾ ಸಿಟ್ಟಾದವರು ಬರೀತಾರೆ. ‘ಓಕೆ ಓಕೆ’ ಅನ್ನೋರು ಫಾರ್ಮ್ ತೆರೆಯೋದೇ ಇಲ್ಲ. ಮಧ್ಯ ಖಾಲಿ ಇರೋ ಡೇಟಾಗೆ ಆವರೇಜ್ ತೆಗೆದರೆ ಯಾರೂ ಹೇಳದ ಅಭಿಪ್ರಾಯ ಉತ್ತರವಾಗಿ ಬರುತ್ತೆ.

ಒಂದು ಸ್ಟಾರ್ ಕೊಟ್ಟವರನ್ನ ಕ್ಯಾಂಟೀನ್‌ನಲ್ಲಿ ಹಿಡಿದು ಕೇಳಿದ್ವಿ. ಆ ಆಲ್ಬಂನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆ ಹತ್ತೊಂಬತ್ತನೇ ಶತಮಾನದ ಶಿಶುನಾಳ ಶರೀಫರ ತತ್ವಪದಗಳೂ ಇವೆ, ಗಿಟಾರ್ ಜೊತೆ. ಒಬ್ಬ ಹೇಳಿದ್ದು: ‘ರಾಕ್ ಅಂದ್ರಲ್ಲ, ಇದು ಜಾನಪದ ಇದ್ದಂಗಿದೆ ಮಗಾ.’ ಇನ್ನೊಬ್ಬಳದು ಪೂರ್ತಿ ಉಲ್ಟಾ. ಮನೇಲಿ ಸಿ. ಅಶ್ವತ್ಥ್ ದನಿಯಲ್ಲಿ ಶರೀಫರನ್ನ ಕೇಳಿ ಬೆಳೆದವಳು. ‘ಶರೀಫರಿಗೆ ಗಿಟಾರ್ ಯಾಕೆ?’ ಅಂತ ಅವಳ ಸಿಟ್ಟು. ಇಬ್ಬರದೂ ಒಂದೇ ಸ್ಟಾರ್, ಕಾರಣ ಮಾತ್ರ ಎದುರುಬದುರು. ಇಬ್ಬರೂ ಅಳೆದಿದ್ದು ಹಾಡನ್ನಲ್ಲ. ತಾವು ಕಾದಿದ್ದಕ್ಕೂ ಸಿಕ್ಕಿದ್ದಕ್ಕೂ ಇದ್ದ ದೂರವನ್ನ.

ಇದು ನಮ್ಮಂಥವರ ಕಥೆ ಮಾತ್ರ ಅಲ್ಲ. 1969ರಲ್ಲಿ ಲೆಡ್ ಝೆಪೆಲಿನ್‌ನ ಮೊದಲ ಆಲ್ಬಂ ಬಂದಾಗ ರೋಲಿಂಗ್ ಸ್ಟೋನ್ ಪತ್ರಿಕೆಯ ವಿಮರ್ಶಕ ಅದನ್ನ ಚೆನ್ನಾಗಿ ಝಾಡಿಸಿದ್ದ. ಜೆಫ್ ಬೆಕ್ ಗ್ರೂಪ್ ಆಗಲೇ ಮಾಡಿದ್ದಕ್ಕಿಂತ ಇದರಲ್ಲಿ ಹೊಸದೇನಿಲ್ಲ ಅನ್ನೋದು ಅವನ ತಕರಾರು. 2003ರಲ್ಲಿ ಅದೇ ಪತ್ರಿಕೆ 500 ಶ್ರೇಷ್ಠ ಆಲ್ಬಂಗಳ ಪಟ್ಟಿ ಮಾಡಿದಾಗ ಅದೇ ಆಲ್ಬಂ 29ನೇ ಸ್ಥಾನದಲ್ಲಿತ್ತು.

ಕಾದಂಬರಿಯ ಕಥೆ ಇನ್ನೂ ಮಜಾ. ಐದು ಕೊಟ್ಟವರಲ್ಲಿ ಎಷ್ಟೋ ಜನ ಪುಸ್ತಕ ಮುಟ್ಟೇ ಇರಲಿಲ್ಲ. ಅವರು ಕೊಟ್ಟಿದ್ದು 1972ರ ರಾಜ್‌ಕುಮಾರ್ ಸಿನಿಮಾಗೆ, ಅಜ್ಜಿ ಜೊತೆ ಟೀವೀಲಿ ನೋಡಿದ್ದಕ್ಕೆ! ಎರಡು ಸ್ಟಾರ್ ಕೊಟ್ಟವರು ನಾವು, ಅಂದರೆ ಇಂಗ್ಲಿಷ್ ಮೀಡಿಯಂನೋರು. ‘ಸ್ಲೋ ಇದೆ’ ಅಂತ ಬರೆದಿದ್ವಿ. ಸ್ಲೋ ಇದ್ದಿದ್ದು ಕಾದಂಬರಿ ಅಲ್ಲ, ನಮ್ಮ ಓದು. ಒತ್ತಕ್ಷರ ಕೂಡಿಸಿಕೊಂಡು ಹತ್ತು ಪುಟ ಓದೋ ಹೊತ್ತಿಗೆ ಕೆಂಗೇರಿಯಿಂದ ಹೊರಟ ಮೆಟ್ರೋ ವಿಜಯನಗರ ತಲುಪಿರುತ್ತೆ. ಆ ಸುಸ್ತಿನ ಲೆಕ್ಕವನ್ನ ರಾಮರಾವ್ ಅವರ ಖಾತೆಗೆ ಬರೆದುಬಿಟ್ವಿ. ಇದನ್ನ ಒಪ್ಪಿಕೊಳ್ಳೋಕೆ ನಮಗೆ ಒಂದು ವಾರ ಬೇಕಾಯ್ತು.

ಗಣಿತದಿಂದ ಸರಿ ಮಾಡಬಹುದಾ ಅಂತಲೂ ನೋಡಿದ್ವಿ. ಐಎಂಡಿಬಿ ತನ್ನ ಟಾಪ್ 250 ಪಟ್ಟಿಗೆ ಬಳಸಿದ ಸೂತ್ರ ಸುಲಭ: ಪ್ರತಿಯೊಂದಕ್ಕೂ ಒಂದಷ್ಟು ‘ಸಾಧಾರಣ’ ವೋಟುಗಳನ್ನ ಮೊದಲೇ ಸೇರಿಸಿಬಿಡೋದು. ಒಟ್ಟಾರೆ ಆವರೇಜ್ 3.5, ಸೇರಿಸೋದು 50 ವೋಟು ಅಂತಿಟ್ಟುಕೊಳ್ಳಿ. ಇಬ್ಬರು ಗೆಳೆಯರು ಸೇರಿ 5 ಕೊಟ್ಟ ಪುಸ್ತಕ 3.56ಕ್ಕೆ ಇಳಿಯುತ್ತೆ. 400 ಜನರಿಂದ 4.2 ತಗೊಂಡಿದ್ದು 4.12ರಲ್ಲಿ ನಿಲ್ಲುತ್ತೆ. ನ್ಯಾಯವೇ. ಆದರೆ ಇಂಟರ್ನೆಟ್‌ನಲ್ಲಿ ನಾಲ್ಕೇ ನಾಲ್ಕು ಜನ ರೇಟ್ ಮಾಡಿರೋ ಕನ್ನಡ ಕಾದಂಬರಿ ಎಷ್ಟೇ ಚೆನ್ನಾಗಿದ್ರೂ 3.5ರ ಹತ್ತಿರವೇ ಸಿಕ್ಕಿಹಾಕಿಕೊಳ್ಳುತ್ತೆ. ಅದನ್ನ ಓದಿದವರು ಸ್ಟಾರ್ ಒತ್ತುವವರಲ್ಲ.

ಹಾಗಾದ್ರೆ ಅವರ ಅಭಿಪ್ರಾಯ ಎಲ್ಲಿದೆ? ನಮ್ಮ ಪ್ರತಿಯಲ್ಲೇ ಇತ್ತು. ಅದು ಹಳೇ ಪುಸ್ತಕದ ಅಂಗಡೀಲಿ ಸಿಕ್ಕಿದ್ದು, ವಿಜಯನಗರದ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿಯ ಸೀಲ್ ಇದೆ. ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿ ತುಂಬಾ ವಾಪಸ್ ಕೊಡಬೇಕಾದ ತಾರೀಖುಗಳು. ಜಾಗ ಸಾಲದೆ ಅದರ ಮೇಲೇ ಇನ್ನೊಂದು ಚೀಟಿ. ಕೊನೇ ಪುಟದಲ್ಲಿ ಪೆನ್ಸಿಲ್‌ನಲ್ಲಿ ‘ಸೂಪರ್’, ಅದರ ಕೆಳಗೆ ಬೇರೆ ಕೈಬರಹದಲ್ಲಿ ‘ಬೋರ್’. ನಮಗೆ ಆ ಪೆನ್ಸಿಲ್ ಬರಹಕ್ಕಿಂತ ತಾರೀಖುಗಳ ಮೇಲೇ ನಂಬಿಕೆ ಜಾಸ್ತಿ. ಪ್ರತಿ ತಾರೀಖಿನ ಹಿಂದೆ ಬಾಡಿಗೆ ಕೊಟ್ಟು ಮನೆಗೆ ಒಯ್ದ ಒಬ್ಬ ಓದುಗ ಇದ್ದಾನೆ. ಮಷೀನ್ ಲರ್ನಿಂಗ್‌ನಲ್ಲೂ ಈ ಭೇದ ಇದೆ: ಬಾಯಲ್ಲಿ ಹೇಳಿದ್ದು ಬೇರೆ, ನಡವಳಿಕೆಯಲ್ಲಿ ಕಾಣೋದು ಬೇರೆ. ಹಾಡನ್ನ ನೀವು ಅರ್ಧಕ್ಕೇ ಸ್ಕಿಪ್ ಮಾಡಿದ್ರಾ, ಮತ್ತೆ ಹಾಕಿದ್ರಾ ಅನ್ನೋದನ್ನ ಮ್ಯೂಸಿಕ್ ಆ್ಯಪ್ ಗಮನಿಸೋದು ಅದಕ್ಕೇ.

ಈ ಸಲದ ಫಾರ್ಮ್‌ನಲ್ಲಿ ಸ್ಟಾರ್ ಇಲ್ಲ. ಎಷ್ಟು ಓದಿದ್ರಿ ಅಥವಾ ಕೇಳಿದ್ರಿ, ಏನು ನಿರೀಕ್ಷೆ ಇತ್ತು, ಮುಂದೆ ಯಾರಿಗೆ ಕೊಡ್ತೀರಿ — ಮೂರೇ ಪ್ರಶ್ನೆ. ಸದ್ಯಕ್ಕೆ ‘ಬಂಗಾರದ ಮನುಷ್ಯ’ ಕ್ಲಬ್‌ನ ಕಪಾಟಿನಲ್ಲಿಲ್ಲ, ಯಾರೋ ಹೆಸರು ಬರೆಯದೆ ತಗೊಂಡು ಹೋಗಿದ್ದೀರಿ. ಓದಿ ಮುಗಿಸಿ ಆಮೇಲೇ ಕೊಡಿ, ಬೈಯಲ್ಲ. ಮೂರು ಜನ ಕಾಯ್ತಿದ್ದಾರೆ ಅಷ್ಟೇ.