ಆಟದವರು ಚೌಕಿ ಬಿಟ್ಟು ಹೊರಗೆ ಬರ್ಲಿ!

ನಮ್ಮ ಕಡೆ ‘ಆಟಕ್ಕೆ ಹೋತೆ’ ಅಂದರೆ ಯಾರೂ ಕ್ರಿಕೆಟ್ ಅಂದುಕೊಳ್ಳುವುದಿಲ್ಲ. ಆಟ ಅಂದರೆ ಯಕ್ಷಗಾನ. ಕುಂದಾಪುರ, ಬೈಂದೂರು, ಬ್ರಹ್ಮಾವರ.... ಮೂರೂ ಕಡೆ ಅದೇ ಅರ್ಥ. ಈಗ ಇನ್ನೊಂದು ಆಟ ಬಂದು ಕೂತಿದೆ. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ನಾಲ್ಕು ಹುಡುಗರು ತಲೆಗೆ ತಲೆ ತಾಗಿಸಿ ಮೊಬೈಲಿನಲ್ಲಿ ಗುಂಡು ಹಾರಿಸ್ತಾರಲ್ಲ, ಅದು! 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಪಬ್ಜಿಯನ್ನು ನಿಷೇಧಿಸಿತು. 2021ರಲ್ಲಿ ಅದು ಬಿಜಿಎಂಐ ಎಂಬ ಹೊಸ ವೇಷ ಕಟ್ಟಿಕೊಂಡು ರಂಗಸ್ಥಳಕ್ಕೆ ಬಂತು. ಅಭಿಮಾನಿಗಳು ಅಲ್ಲಾಡಲಿಲ್ಲ.

ಸಿನಿಮಾ ಪತ್ರಿಕೆಯಲ್ಲಿ ಇದೆಂಥ ವಿಷಯ ಅಂತ ಹುಬ್ಬೇರಿಸಬೇಡಿ, ಮಿತ್ರರೇ. ಅಭಿಮಾನಿ ಅಂದರೇನು ಅಂತ ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಅಣ್ಣಾವ್ರು ನಮ್ಮನ್ನು ‘ಅಭಿಮಾನಿ ದೇವರು’ ಅಂದರು. ‘ಕಾಂತಾರ’ (2022) ಕೆರಾಡಿಯಲ್ಲಿ ಚಿತ್ರೀಕರಣವಾದಾಗ ಊರ ಕಡೆಯವರೇ ಬಣ್ಣ ಹಚ್ಚಿದರು. ನಮಗೆ ರಿಷಬ್ ಶೆಟ್ಟರ ಮುಖ ಗೊತ್ತು, ಬಸ್ರೂರಿನ ರವಿಯ ಸಂಗೀತ ಗೊತ್ತು. ದಿನಕ್ಕೆ ಮೂರು ಗಂಟೆ ಆಡುವ ಗೇಮನ್ನು ಮಾಡಿದವನ ಮುಖ? ಊಹೂಂ! ಬೆಂಗಳೂರಿನಲ್ಲಿ ರಾಜೇಶ್ ರಾವ್ ‘ಧ್ರುವ ಇಂಟರಾಕ್ಟಿವ್’ ಶುರುಮಾಡಿದ್ದು 1997ರಲ್ಲಿ. 2019ರಲ್ಲಿ ಅದನ್ನು ಕೊಂಡುಕೊಂಡವರು ಜಿಟಿಎ ಖ್ಯಾತಿಯ ರಾಕ್‌ಸ್ಟಾರ್‌ನವರು. ಇಷ್ಟು ದೊಡ್ಡ ಸುದ್ದಿ ನಮ್ಮ ಬಸ್‌ಸ್ಟ್ಯಾಂಡಿಗೆ ಬರಲೇ ಇಲ್ಲ.

ಗೇಮ್ ಕಂಪನಿಗಳು ಜನರನ್ನು ಎದುರಾಗುವುದು ಮೇಳಗಳಲ್ಲಿ. ಅಮೆರಿಕದ ಇ3 ಮೇಳ 1995ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾಯ್ತು. ಅದು ವ್ಯಾಪಾರಿಗಳ, ಪತ್ರಕರ್ತರ ಮೇಳ. ಸಾಮಾನ್ಯ ಅಭಿಮಾನಿಗೆ ಟಿಕೆಟ್ ಮಾರಿದ್ದು 2017ರಲ್ಲಿ. 2023ರ ಡಿಸೆಂಬರಿನಲ್ಲಿ ಅಂಗಡಿಯನ್ನೇ ಮುಚ್ಚಿದರು. ಜರ್ಮನಿಯ ಕಲೋನಿನಲ್ಲಿ 2009ರಿಂದ ನಡೆಯುವ ಗೇಮ್ಸ್‌ಕಾಮ್ ಬೇರೆ ಜಾತಿಯದು. ವ್ಯಾಪಾರಕ್ಕೆ ಬೇರೆ ಹಾಲ್, ಆಡುವವರಿಗೆ ಬೇರೆ ಹಾಲ್. 2024ರಲ್ಲಿ ಅಲ್ಲಿಗೆ ಬಂದವರು 3 ಲಕ್ಷಕ್ಕೂ ಮೇಲೆ! ನಮ್ಮ ಬೆಂಗಳೂರಿನಲ್ಲೂ ಸರ್ಕಾರ ಮತ್ತು ಅನಿಮೇಷನ್ ಉದ್ಯಮದವರು ಸೇರಿ ಜಿಎಎಫ್‌ಎಕ್ಸ್ ಮೇಳ ನಡೆಸ್ತಾರೆ.

ಅಂಥದೇ ಒಂದು ಮೇಳದಲ್ಲಿ, ಯಾವುದು ಅಂತ ಹೇಳುವುದಿಲ್ಲ, ನನಗೊಬ್ಬ ಬೈಂದೂರಿನ ಹುಡುಗ ಸಿಕ್ಕಿದ. ರಾತ್ರಿ ಬಸ್ಸಿನಲ್ಲಿ ಬಂದವ. ಮೂರು ಮಳಿಗೆ ಸುತ್ತಿದ್ದಾನೆ. ಒಂದರಲ್ಲಿ ವಿಡಿಯೋ ತೋರಿಸಿದರಂತೆ, ಒಂದರಲ್ಲಿ ಫೋನ್ ನಂಬರ್ ಬರೆಸಿಕೊಂಡರಂತೆ, ಮೂರನೆಯದರಲ್ಲಿ ಇಂಗ್ಲಿಷಿನಲ್ಲಿ ಏನೋ ಹೇಳಿ ಸ್ಟಿಕ್ಕರ್ ಕೊಟ್ಟರಂತೆ. “ಹ್ವಾಯ್ ಅಣ್ಣಾ, ಆಟ ಆಡುಕ್ ಬಂದದ್ದ್ ನಾನ್. ಸ್ಟಿಕ್ಕರ್ ತಕಂಡ್ ಎಂತ ಮಾಡುದ್?” ಅಂದ. ಅವನು ಮೊಬೈಲಿನಲ್ಲೇ ಸಣ್ಣದೊಂದು ಗೇಮ್ ಮಾಡಿದ್ದ, ತೋರಿಸಬೇಕು ಅಂತಿದ್ದ. ಯಾರಿಗೆ ತೋರಿಸುವುದು? ಮಳಿಗೆಯಲ್ಲಿ ನಿಂತವರು ಬಾಡಿಗೆಗೆ ಬಂದ ಹುಡುಗ ಹುಡುಗಿಯರು. ಗೇಮ್ ಮಾಡಿದವರು ಒಳಗೆಲ್ಲೋ ಮೀಟಿಂಗಿನಲ್ಲಿ!

ನಮ್ಮ ಮಂದಾರ್ತಿ ಮೇಳದ ಆಟ ನೋಡಿದವರಿಗೆ ಇದು ಅರ್ಥವಾಗ್ತದೆ. ಆಟ ಶುರುವಾಗುವ ಮುಂಚೆ ಅರ್ಧ ಊರು ಚೌಕಿಯ ಬಾಗಿಲಲ್ಲಿರ್ತದೆ. ಬಣ್ಣ ಹಚ್ಚುವುದು, ಕೇದಗೆ ಮುಂದಲೆ ಕಟ್ಟುವುದು, ಎಲ್ಲ ಕಣ್ಣೆದುರೇ. ವೇಷಧಾರಿಯೂ ಮಾತಾಡಿಸ್ತಾನೆ. ಬೆಳಗಿನ ಜಾವ ತೂಕಡಿಸಿದವನು ಕೂಡ ಮುಂದಿನ ಆಟಕ್ಕೆ ಬರುವುದು ಆ ಚೌಕಿಯ ಸಲಿಗೆಯಿಂದ. ಗೇಮಿನವರು ಮಾಡಬೇಕಾದ್ದೂ ಅದನ್ನೇ. ಚಿತ್ರ ಬರೆದವನು, ಪ್ರೋಗ್ರಾಮ್ ಬರೆದವನು ಮಳಿಗೆಯಲ್ಲಿ ನಿಲ್ಲಲಿ. ರಾಕ್ಷಸನನ್ನು ಹೇಗೆ ಬರೆದೆ ಅಂತ ತೋರಿಸಲಿ. ಹತ್ತು ನಿಮಿಷ ಆಡಲು ಬಿಡಲಿ. ಆಡುವವನು ಎಲ್ಲಿ ಸಿಕ್ಕಿಹಾಕಿಕೊಂಡ, ಎಲ್ಲಿ ಬೇಜಾರಾಗಿ ಎದ್ದ, ಹಿಂದೆ ನಿಂತು ಬಾಯಿ ಮುಚ್ಚಿಕೊಂಡು ನೋಡಲಿ. ಯಾವ ಸರ್ವೆಯಲ್ಲೂ ಸಿಗದ ಸತ್ಯ ಅಲ್ಲಿ ಸಿಗ್ತದೆ. ಮತ್ತೆ, ದಯವಿಟ್ಟು ಒಬ್ಬನಾದರೂ ಕನ್ನಡ ಮಾತಾಡಲಿ ಮಾರಾಯ್ರೆ!

ದೊಡ್ಡ ಕಂಪನಿಗೆ ಇದು ಶೋಕಿ ಇರಬಹುದು. ಸಣ್ಣವರಿಗೆ ಹೊಟ್ಟೆಪಾಡು. ಪುಣೆಯ ‘ನಾಡಿಂಗ್ ಹೆಡ್ಸ್’ ಎಂಬ ಸಣ್ಣ ತಂಡ ನಮ್ಮ ಪುರಾಣದ ನೆರಳಿನಲ್ಲಿ ‘ರಾಜಿ’ ಎಂಬ ಗೇಮ್ ಮಾಡಿತು. 2017ರಲ್ಲಿ ಜನರ ಮುಂದೆ ಕೈಯೊಡ್ಡಿದರು, ಗುರಿಯಷ್ಟು ದುಡ್ಡು ಸೇರಲಿಲ್ಲ. ಆದರೂ ಬಿಡದೆ 2020ರಲ್ಲಿ ಬಿಡುಗಡೆ ಮಾಡಿದರು. ಕಟೌಟ್ ನಿಲ್ಲಿಸಲು ಕಾಸಿಲ್ಲದ ಇಂಥವರಿಗೆ, ಆಡಿದವನು ಗೆಳೆಯನಿಗೆ ಹೇಳುವ ಒಂದು ಮಾತೇ ಪೋಸ್ಟರ್.

ಬೆಂಗಳೂರಿನವರು ಇಲ್ಲಿಗೇ ಬಂದರೆ ಇನ್ನೂ ಒಳ್ಳೆಯದು. ಕೋಟೇಶ್ವರದ ಕೊಡಿ ಹಬ್ಬಕ್ಕೆ ಬರಲಿ. ಮೂರೂ ತಾಲೂಕಿನ ಹುಡುಗರು ಅಲ್ಲಿರ್ತಾರೆ. ಒಂದು ಮೇಜು, ನಾಲ್ಕು ಮೊಬೈಲು ಸಾಕು. ಕರೆಂಟು ಎಲ್ಲಿಂದ ಅಂತೀರಾ? ಪಕ್ಕದ ಕಬ್ಬಿನ ಅಂಗಡಿಯವನ ಬಲ್ಬಿನಿಂದ ಒಂದು ವಯರ್ ಎಳೆದರಾಯ್ತು.