ಬೋರ್ಡಿಂಗ್ ಹುಡುಗರ ಕೊಲ್ಹಾಪುರ

ಕೊಲ್ಹಾಪುರ ನೋಡಬೇಕೆಂದರೆ ನವರಾತ್ರಿಯ ಹೊತ್ತಿಗೆ ಹೋಗಿ, ದೀಪಾವಳಿಗೆ ಬೇಡ. ದೀಪಾವಳಿ ರಜೆ ಬಿದ್ದರೆ ಸಾಕು, ಕಾಲೇಜು ಹುಡುಗ-ಹುಡುಗಿಯರು ಬ್ಯಾಗು ಹೆಗಲಿಗೇರಿಸಿಕೊಂಡು ಗಡಹಿಂಗ್ಲಜ, ಆಜರಾ, ಚಂದಗಡ, ಇಚಲಕರಂಜಿ ಎಂದು ತಮ್ಮ ತಮ್ಮ ಊರಿನ ದಾರಿ ಹಿಡಿಯುತ್ತಾರೆ. ಆಗ ಉಳಿಯುವುದು ಪ್ರವಾಸಿಗರ ಕೊಲ್ಹಾಪುರ: ದೇವಸ್ಥಾನದ ಸಾಲು, ಚಪ್ಪಲಿ ಅಂಗಡಿ, ತಾಂಬಡಾ ರಸ್ಸಾ, ವಾಪಸ್. ಆಶ್ವೀಜದ ಕೊಲ್ಹಾಪುರವೇ ಬೇರೆ. ಮಳೆ ಹಿಂದೆಗೆದು ರಂಕಾಳ ಕೆರೆ ದಂಡೆಯವರೆಗೂ ತುಂಬಿರುತ್ತದೆ, ಕಾಲೇಜು ನಡೆದಿರುತ್ತವೆ, ಸಂಜೆಯಾದರೆ ಊರಿಗೆ ಊರೇ ಬೀದಿಯಲ್ಲಿರುತ್ತದೆ.

ನಾನು ಹೋದದ್ದು ಗಡಹಿಂಗ್ಲಜದಿಂದ, ಕೆಂಪು ಎಸ್‌ಟಿ ಬಸ್ಸಿನಲ್ಲಿ. ಸಂಕೇಶ್ವರ, ನಿಪ್ಪಾಣಿ ಮೇಲೆ ಹಾದು ಬರುವ ಈ ದಾರಿಯದೇ ಒಂದು ಮಜಾ. ಮಹಾರಾಷ್ಟ್ರದಲ್ಲಿ ಹತ್ತಿದವರು ಕರ್ನಾಟಕದೊಳಗೆ ಹೊಕ್ಕು, ಕಾಗಲ ಬಂತೆನ್ನುವಾಗ ಮತ್ತೆ ಮಹಾರಾಷ್ಟ್ರಕ್ಕೇ ಬಂದಿರುತ್ತಾರೆ. ಕಿಟಕಿಯಾಚೆ ಸೋಯಾಬೀನ್ ಒಕ್ಕಣೆ ನಡೆದಿತ್ತು. ಕಬ್ಬು ಆಳೆತ್ತರ ದಾಟಿ ನಿಂತಿತ್ತು. ಇನ್ನು ದಸರೆ ಮುಗಿದರೆ ಗಾಣಗಳ ಒಲೆ ಹೊತ್ತುವ ಕಾಲ. ಹಿಂದಿನ ಸೀಟಿನಲ್ಲಿ ಪಾಸಿನ ಮೇಲೆ ಓಡಾಡುವ ಹುಡುಗಿಯರು ಪರೀಕ್ಷೆಯ ಚಿಂತೆಯನ್ನು ಮರಾಠಿಯಲ್ಲೂ ಮನೆಯ ಚಿಂತೆಯನ್ನು ಕನ್ನಡದಲ್ಲೂ ಮಾಡುತ್ತಿದ್ದರು. ಗಡಹಿಂಗ್ಲಜದ ಕಡೆ ಇದನ್ನು ಯಾರೂ ವಿಶೇಷವೆಂದು ಎಣಿಸುವುದಿಲ್ಲ.

ಬಸ್ ಸ್ಟ್ಯಾಂಡಿನಿಂದ ಎಲ್ಲರೂ ರಿಕ್ಷಾ ಹಿಡಿದು ನೇರ ಅಂಬಾಬಾಯಿಯ, ಅಂದರೆ ಮಹಾಲಕ್ಷ್ಮಿಯ ಗುಡಿಗೆ ಹೋಗುತ್ತಾರೆ. ಹಾಗೆ ಮಾಡದೆ ವೀನಸ್ ಕಾರ್ನರ್ ದಾಟಿ ದಸರಾ ಚೌಕಿನವರೆಗೆ ನಡೆದರೆ ಈ ಊರು ಓದುವ ಮಕ್ಕಳ ಊರಾದದ್ದು ಹೇಗೆಂದು ತಿಳಿಯುತ್ತದೆ. ದೊಡ್ಡ ಬಯಲು, ನಡುವೆ ಕೊಲ್ಹಾಪುರ ಸಂಸ್ಥಾನವಾಳಿದ ಶಾಹೂ ಮಹಾರಾಜರ ಪ್ರತಿಮೆ, ಸುತ್ತ ವಾಹನಗಳ ಗದ್ದಲ. ಆ ಗದ್ದಲದ ಹಿಂದಿನ ಕಟ್ಟಡಗಳ ಫಲಕ ಓದುತ್ತ ಹೋಗಿ: ದಿಗಂಬರ ಜೈನ ಬೋರ್ಡಿಂಗ್, ಮುಸ್ಲಿಂ ಬೋರ್ಡಿಂಗ್. ಒಂದು ಕಡೆ ಚಿತ್ರದುರ್ಗ ಮಠವೆಂಬ ಹೆಸರು ಕಂಡು ನಮ್ಮ ಕಡೆಯವರು ಒಂದು ಗಳಿಗೆ ನಿಂತೇ ನಿಲ್ಲುತ್ತಾರೆ. ಲಿಂಗಾಯತ ಹುಡುಗರ ಓದಿನ ಜೊತೆ ಬೆಳೆದ ಮಠ ಅದು.

ಕಥೆ ಹೀಗೆ. ಹಳ್ಳಿಯ ಹುಡುಗ ಬುದ್ಧಿವಂತನಾಗಿದ್ದರೂ ಕೊಲ್ಹಾಪುರಕ್ಕೆ ಬಂದು ಉಳಿಯುವುದೆಲ್ಲಿ, ಉಣ್ಣುವುದೆಲ್ಲಿ ಎಂಬುದು ಆಗಿನ ದೊಡ್ಡ ತೊಡಕು. ಶಾಹೂ ಮಹಾರಾಜರು 1896ರಲ್ಲಿ ಎಲ್ಲ ಜಾತಿಯವರೂ ಇರಬಹುದಾದ ವಸತಿಗೃಹವೊಂದನ್ನು ಮಾಡಿ ನೋಡಿದರು. ಕೆಲವೇ ವರ್ಷಗಳಲ್ಲಿ ಅದರೊಳಗೆ ಉಳಿದವರು ಮೇಲ್ಜಾತಿಯವರು ಮಾತ್ರ. ಆಗ ಲೆಕ್ಕಾಚಾರ ಬದಲಿಸಿ ಒಂದೊಂದು ಸಮುದಾಯಕ್ಕೂ ಅವರದೇ ಬೋರ್ಡಿಂಗ್ ಎಂದು ಹೊರಟರು. 1901ರಲ್ಲಿ ಮರಾಠಾ ಬೋರ್ಡಿಂಗ್, ಅದೇ ವರ್ಷ ಜೈನ ಬೋರ್ಡಿಂಗ್, 1906ರಲ್ಲಿ ಮುಸ್ಲಿಂ ಬೋರ್ಡಿಂಗ್, 1908ರಲ್ಲಿ ಅಸ್ಪೃಶ್ಯರೆನ್ನಿಸಿಕೊಂಡಿದ್ದ ಮಕ್ಕಳಿಗೆ ಮಿಸ್ ಕ್ಲಾರ್ಕ್ ಹಾಸ್ಟೆಲ್. ಜಾತಿಗೊಂದು ಬೋರ್ಡಿಂಗ್ ಕಟ್ಟಿ ಜಾತಿ ಹೋಗಲಾಡಿಸುವುದುಂಟೇ ಎಂದು ಇವತ್ತು ಕುಳಿತು ಕೇಳುವುದು ಸುಲಭ. ಆದರೆ ಮೊದಲು ಹುಡುಗ ಊರೊಳಗೆ ಬಂದು ಒಂದು ರಾತ್ರಿ ಮಲಗಬೇಕಲ್ಲ. ಆಮೇಲೆ ಎಲ್ಲರೂ ಸೇರುತ್ತಿದ್ದುದು ಒಂದೇ ಶಾಲೆಯಲ್ಲಿ, ಒಂದೇ ಕೆರೆಯ ದಂಡೆಯಲ್ಲಿ. ರಯತ ಶಿಕ್ಷಣ ಸಂಸ್ಥೆ ಕಟ್ಟಿದ ಕರ್ಮವೀರ ಭಾವುರಾವ್ ಪಾಟೀಲರೂ ಇಲ್ಲಿನ ಜೈನ ಬೋರ್ಡಿಂಗಿನಲ್ಲಿದ್ದು ಓದಿದವರೇ.

ಇದರ ಒಂದು ಎಳೆ ನಮ್ಮ ಧಾರವಾಡಕ್ಕೂ ಬೆಂಗಳೂರಿಗೂ ಚಾಚಿದೆ. ಪಟ್ಟಕ್ಕೆ ಬರುವ ಮೊದಲು ಶಾಹೂ ಓದಿದ್ದು ಧಾರವಾಡದಲ್ಲಿ, ಸ್ಟುವರ್ಟ್ ಫ್ರೇಜರ್ ಎಂಬ ಅಧಿಕಾರಿಯ ಕೈಕೆಳಗೆ. 1894ರಲ್ಲಿ ಶಾಹೂ ಅಧಿಕಾರ ವಹಿಸಿಕೊಂಡರು. ಅದಾದ ಮೇಲೆ ಅದೇ ಫ್ರೇಜರ್ ಮೈಸೂರಿಗೆ ಹೋಗಿ ಬಾಲಕ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಗುರುವಾದರು. ಬೆಂಗಳೂರಿನ ಫ್ರೇಜರ್ ಟೌನ್ ಇವರ ಹೆಸರಿನದೇ. 1902ರ ಜುಲೈ 26ರಂದು ಕೊಲ್ಹಾಪುರ ಸಂಸ್ಥಾನದ ನೌಕರಿಗಳಲ್ಲಿ ಶೇಕಡಾ 50ರಷ್ಟನ್ನು ಹಿಂದುಳಿದವರಿಗೆ ಮೀಸಲಿಡುವ ಆಜ್ಞೆ ಹೊರಟಿತು. ಎರಡು ವಾರ ಕಳೆಯುವಷ್ಟರಲ್ಲಿ ನಾಲ್ವಡಿಯವರು ಮೈಸೂರಿನ ಆಡಳಿತ ವಹಿಸಿಕೊಂಡರು. ಮಿಲ್ಲರ್ ಸಮಿತಿಯ ಮೂಲಕ ಮೈಸೂರು ಅದೇ ದಾರಿಗೆ ಬಂದದ್ದು 1918ರ ನಂತರ. ಗುರು ಕಲಿಸಿದ್ದೆಷ್ಟು, ಶಿಷ್ಯರು ತಾವೇ ಕಂಡುಕೊಂಡದ್ದೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ನನ್ನನ್ನು ಕೇಳಿದರೆ ಶಿಷ್ಯರ ಪಾಲೇ ದೊಡ್ಡದು.

1880ರಲ್ಲಿ ಶುರುವಾದ ರಾಜಾರಾಮ ಕಾಲೇಜು ಈ ಬೋರ್ಡಿಂಗ್ ಹುಡುಗರನ್ನೆಲ್ಲ ಬರಮಾಡಿಕೊಂಡಿತು. ಜಮಖಂಡಿ ಸೀಮೆಯ ಸಾವಳಗಿಯಿಂದ ಬಂದ ಬಿ.ಡಿ. ಜತ್ತಿ ಓದಿದ್ದು ಇಲ್ಲೇ, ಕಾನೂನು ಕಲಿತದ್ದೂ ಇದೇ ಊರಿನ ಸೈಕ್ಸ್ ಲಾ ಕಾಲೇಜಿನಲ್ಲಿ. ಮುಂದೆ ಮೈಸೂರಿನ ಮುಖ್ಯಮಂತ್ರಿಯಾದರು. 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾದದ್ದೂ ಅವರೇ. ವಿ.ಕೃ. ಗೋಕಾಕರು ಧಾರವಾಡದ ಕರ್ನಾಟಕ ಕಾಲೇಜಿಗೆ ಬರುವ ಮುನ್ನ ರಾಜಾರಾಮದ ಪ್ರಿನ್ಸಿಪಾಲರಾಗಿದ್ದರು. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನಾ' ಚಿತ್ರೀಕರಣವಾದದ್ದೂ ಇದೇ ಊರಿನ ಛತ್ರಪತಿ ಸ್ಟುಡಿಯೊದಲ್ಲಿ. ತೆರೆಕಂಡದ್ದು 1934ರ ಮಾರ್ಚಿನಲ್ಲಿ. ಆರ್. ನಾಗೇಂದ್ರರಾಯರು, ಸುಬ್ಬಯ್ಯ ನಾಯ್ಡು ಅವರೆಲ್ಲ ಇದೇ ಬೀದಿಗಳಲ್ಲಿ ಓಡಾಡಿರಬೇಕು.

ದಸರಾ ಚೌಕಿನಿಂದ ಗುಡಿಯ ಕಡೆ ಹೊರಟರೆ ಬಿಂದು ಚೌಕು, ಭವಾನಿ ಮಂಟಪ, ಜನವೋ ಜನ. ನವರಾತ್ರಿಯಲ್ಲಿ ಅಂಬಾಬಾಯಿಗೆ ದಿನಕ್ಕೊಂದು ಅವತಾರದ ಅಲಂಕಾರ. ಸಾಲಿನಲ್ಲಿ ನನ್ನ ಮುಂದೆ ಚಿಕ್ಕೋಡಿ ಕಡೆಯ ಹೆಂಗಸರ ಒಂದು ತಂಡವೇ ಇತ್ತು. ಉಡಿ ತುಂಬುವ ಸಾಮಾನಿನ ಬುಟ್ಟಿ ಹಿಡಿದು, "ಏ ತಂಗಿ, ಮೊಬೈಲ್ ಒಳಗ ಇಡ, ಪೊಲೀಸ ನೋಡ್ತಾನ" ಎಂದು ಗದರಿಕೊಳ್ಳುತ್ತಿದ್ದರು. ಶಿಲಾಹಾರ ಅರಸರ ಕಾಲದಲ್ಲಿ ಇದು ಕನ್ನಡ ಶಾಸನ ಬರೆಸುತ್ತಿದ್ದ ಊರು. ನಿಂಬ ಸಾಮಂತ ರೂಪನಾರಾಯಣ ಬಸದಿ ಕಟ್ಟಿಸಿದ್ದು ಇಲ್ಲಿ. 'ನೇಮಿನಾಥ ಪುರಾಣ'ದ ಕವಿ ಕರ್ಣಪಾರ್ಯನಿಗೆ ಆಶ್ರಯ ಸಿಕ್ಕಿದ್ದೂ ಆ ಅರಸರಲ್ಲೇ. ಸಾಲಿನಲ್ಲಿದ್ದ ಹೆಂಗಸರಿಗೆ ಅದೆಲ್ಲ ಬೇಕಿಲ್ಲ. ಕೊಲ್ಲಾಪುರದ ಮಹಾಲಕ್ಷ್ಮಿ ತಮ್ಮವಳೆಂಬುದಕ್ಕೆ ಅವರು ಶಾಸನ ಕೇಳುವುದಿಲ್ಲ.

ದೇವಿಯ ಮುಖ ಪಡುವಣಕ್ಕಿದೆ. ನವೆಂಬರ್ 9, 10, 11ರ ಸಂಜೆ ಮುಳುಗುವ ಸೂರ್ಯನ ಕಿರಣ ಮಹಾದ್ವಾರದಿಂದ ಒಳಹೊಕ್ಕು ಮೊದಲ ದಿನ ಪಾದ, ಮರುದಿನ ಎದೆ, ಮೂರನೆಯ ದಿನ ಮುಖ ಮುಟ್ಟುತ್ತದೆ ಎನ್ನುವ ಕಿರಣೋತ್ಸವ ಪ್ರಸಿದ್ಧ. ಎದುರಿನ ಬೀದಿಯಲ್ಲಿ ಮಹಡಿಯ ಮೇಲೆ ಮಹಡಿ ಏರಿದಂತೆಲ್ಲ ಕಿರಣಕ್ಕೆ ಅಡ್ಡಿಯಾಗುತ್ತದೆಂಬ ತಕರಾರೂ ಅಷ್ಟೇ ಪ್ರಸಿದ್ಧ.

ನವರಾತ್ರಿಯ ಲಲಿತಾ ಪಂಚಮಿಯ ದಿನ ಹೋದರೆ ಇನ್ನೊಂದು ನೋಟ ಸಿಗುತ್ತದೆ. ಅಂದು ಅಂಬಾಬಾಯಿ ಪಲ್ಲಕ್ಕಿಯಲ್ಲಿ ಊರಾಚೆಯ ತ್ರ್ಯಂಬೋಲಿ ಗುಡ್ಡಕ್ಕೆ ಹೋಗುತ್ತಾಳೆ. ಜನ ಟೆಂಬಲಾಯಿ ಎನ್ನುತ್ತಾರೆ. ಕೊಲ್ಹಾಸುರನನ್ನು ಕೊಂದ ಸಂಭ್ರಮಕ್ಕೆ ಕರೆಯಲಿಲ್ಲವೆಂದು ಮುನಿದು ಗುಡ್ಡ ಹತ್ತಿ ಕುಳಿತ ಗೆಳತಿ ಇವಳು. ದೊಡ್ಡ ದೇವಿಯೇ ಮನೆಗೆ ಹೋಗಿ ಸಮಾಧಾನ ಮಾಡುತ್ತಾಳೆ. ಅಲ್ಲಿ ಕುಮಾರಿಯೊಬ್ಬಳ ಕೈಯಿಂದ ಅಸುರನ ಗುರುತಾದ ಬೂದುಗುಂಬಳ ಒಡೆಸುತ್ತಾರೆ. ಚೂರು ಹೆಕ್ಕಲು ಜನ ಮುಗಿಬೀಳುತ್ತಾರೆ. ಶಿವಾಜಿ ವಿಶ್ವವಿದ್ಯಾಲಯವೂ ಊರಿನ ಇದೇ ಮಗ್ಗುಲಲ್ಲಿದೆ. 1962ರ ನವೆಂಬರ್ 18ರಂದು ರಾಷ್ಟ್ರಪತಿ ರಾಧಾಕೃಷ್ಣನ್ ಉದ್ಘಾಟಿಸಿದ ಈ ವಿಶ್ವವಿದ್ಯಾಲಯದ ಆವರಣ ವಿಶಾಲ, ಶಿಸ್ತಿನದು, ನೆರಳಿನದು. ವಿ.ಸ. ಖಾಂಡೇಕರರ ನೆನಪಿನ ಸಂಗ್ರಹಾಲಯ ಇಲ್ಲಿದೆ. 'ಯಯಾತಿ' ಓದಿದವರು ತಪ್ಪದೆ ನೋಡಬೇಕು. ಇಷ್ಟಾಗಿಯೂ ಇಲ್ಲಿನ ಹುಡುಗರು ಸಂಜೆಗೆ ಇಲ್ಲಿರುವುದಿಲ್ಲ. ಅವರನ್ನು ಹುಡುಕಬೇಕಾದರೆ ರಾಜಾರಾಮಪುರಿಯ ಗಲ್ಲಿಗಳಿಗೆ, ಇಲ್ಲವೇ ರಂಕಾಳಕ್ಕೆ ಹೋಗಬೇಕು.

ಮಹಾದ್ವಾರದಿಂದ ತಾರಾಬಾಯಿ ರಸ್ತೆ ಹಿಡಿದರೆ ರಂಕಾಳಕ್ಕೆ ನಡೆದೇ ಹೋಗಬಹುದು. ದಾರಿಗೆ ಸ್ವಲ್ಪ ಬಳಸಾದರೂ ಗಂಗಾವೇಸಿನ ಹಾಲಿನ ಕಟ್ಟೆಗೆ ಹೋಗಿ. ರಸ್ತೆಬದಿಯಲ್ಲೇ ಎಮ್ಮೆಗಳನ್ನು ಕಟ್ಟಿರುತ್ತಾರೆ. ಗಿರಾಕಿ ಬಂದು ನಿಂತ ಮೇಲೆಯೇ ಕೆಚ್ಚಲಿಗೆ ಕೈ. ಹಾಲು ಚರಿಗೆಗೆ ಬೀಳುವ ಸಪ್ಪಳ ಮೊದಲು ಟಣ್ಣೆಂದು, ಆಮೇಲೆ ನೊರೆಯೊಳಗೆ ಅಡಗಿ ಬುಸ್ಸೆನ್ನುತ್ತದೆ. ಕಾಯಿಸುವುದಿಲ್ಲ, ಸಕ್ಕರೆಯಿಲ್ಲ; ಎಮ್ಮೆಯ ಮೈ ಬಿಸಿಯೇ ಗ್ಲಾಸಿನ ಬಿಸಿ. ತಾಲೀಮಿನಿಂದ ಬಂದ ಪೈಲ್ವಾನರು ದೊಡ್ಡ ಗ್ಲಾಸನ್ನು ಒಂದೇ ಉಸಿರಿಗೆ ಇಳಿಸಿ ಮೀಸೆ ಒರೆಸಿಕೊಂಡರು. ನನ್ನ ಪಕ್ಕದ ಇಂಜಿನಿಯರಿಂಗ್ ಹುಡುಗ ಅರ್ಧ ಕುಡಿದು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡ, ಉಳಿದರ್ಧ ಗೆಳೆಯನಿಗೆ ದಾಟಿಸಿದ.

ರಂಕಾಳ ಮೊದಲು ಕಲ್ಲಿನ ಗಣಿಯಾಗಿತ್ತು, ಭೂಕಂಪವಾಗಿ ನೆಲದೊಳಗಿನ ನೀರು ಉಕ್ಕಿ ಕೆರೆಯಾಯಿತು ಎಂದು ಹೇಳುತ್ತಾರೆ. ದಂಡೆಯ ನಂದಿಯದೂ ಒಂದು ಕಥೆಯಿದೆ. ಅದು ದಿನಕ್ಕೆ ಗೋಧಿಕಾಳಿನಷ್ಟು ಕೆರೆಯತ್ತ ಸರಿದು ಅಕ್ಕಿಕಾಳಿನಷ್ಟು ಹಿಂದೆ ಬರುತ್ತದಂತೆ, ನೀರು ಮುಟ್ಟಿದ ದಿನ ಪ್ರಳಯವಂತೆ. ನೀರಿನೊಳಗೆ ಕಲ್ಲಿನ ಸಂಧ್ಯಾಮಠ. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೇಳುವ ಅದು ಆಶ್ವೀಜದಲ್ಲಿ ಸೊಂಟದವರೆಗೆ ನೀರಲ್ಲಿ ನಿಂತಿತ್ತು. ಆಚೆ ದಡದಲ್ಲಿ ಶಾಲಿನಿ ಪ್ಯಾಲೇಸು. 1931ರಿಂದ 34ರವರೆಗೆ ಕಟ್ಟಿ, ರಾಜಕುಮಾರಿ ಶಾಲಿನಿರಾಜೆಯ ಹೆಸರಿಟ್ಟು, 1987ರಲ್ಲಿ ಹೋಟೆಲ್ ಮಾಡಿದ್ದರು. ದೂರದಿಂದ ನೋಡಲು ಚಂದ, ಹತ್ತಿರ ಹೋಗುವ ಅಗತ್ಯವಿಲ್ಲ.

ಕೆರೆಗೆ ಕೇಡೂ ಕಡಿಮೆಯಾಗಿಲ್ಲ. ಊರಿನ ಕೊಳಚೆ ಸೇರಿ, ಅಂತರಗಂಗೆ ಹಬ್ಬಿ, ನೀರು ಹಸಿರುಗಟ್ಟಿ ನಾರಿದ ವರ್ಷಗಳಿವೆ. ಅದಕ್ಕಾಗಿ ಊರಿನವರು ಬೀದಿಗಿಳಿದದ್ದೂ ಇದೆ. ಈಗಲೂ ಗಾಳಿ ತಿರುಗಿದರೆ ಒಂದು ಮೂಲೆಯಿಂದ ವಾಸನೆ ಬರುತ್ತದೆ. ಆ ಮೂಲೆ ಬಿಟ್ಟು ಜನ ಕೂರುತ್ತಾರೆ, ಅಷ್ಟೆ.

ಚೌಪಾಟಿಯಲ್ಲಿ ಸಂಜೆ ಆರಕ್ಕೆ ಕಾಲಿಡಲು ಜಾಗವಿಲ್ಲ. ಸುಟ್ಟ ಮೆಕ್ಕೆತೆನೆ, ಭೇಳ್, ಕಟ್‌ವಡಾ. ಸಾಲಿನ ಕೊನೆಯಲ್ಲಿ 'ದಾವಣಗಿರಿ ಲೋಣಿ ಡೋಸಾ' ಎಂಬ ಗಾಡಿ. ಬೆಣ್ಣೆಯೇನೋ ಧಾರಾಳ. ದಾವಣಗೆರೆಯವರು ಮಾತ್ರ ಚಟ್ನಿ ನೋಡಿ ಸುಮ್ಮನಿರಲಾರರು. ನಾನು ಕಲ್ಲುಕಟ್ಟೆಯ ಮೇಲೆ ಕುಳಿತು ಮನೆಗೆ ಫೋನು ಮಾಡಿ ಮುಗಿಸಿದ್ದೇ ತಡ, ಪಕ್ಕದ ಗುಂಪಿನಿಂದ ಒಬ್ಬ ತಿರುಗಿದ.

"ಕಾಕಾ, ಕನ್ನಡದವ್ರೇನ್ರಿ? ನಮ್ದು ಗಡಹಿಂಗ್ಲಜ ಬಾಜೂಕ. ಇಂವಾ ಇಚಲಕರಂಜಿ, ಇವ್ರ ಮನ್ಯಾಗ ಮಗ್ಗ ಅದಾವ."

ಮಗ್ಗದ ಮನೆಯ ಹುಡುಗ ನಕ್ಕ. ಅವನ ಅಜ್ಜ ಬನಹಟ್ಟಿಯಿಂದ ಕೆಲಸ ಹುಡುಕಿಕೊಂಡು ಹೋದವನಂತೆ. ಇಚಲಕರಂಜಿಗೆ 1904ರಲ್ಲಿ ಮೊದಲ ಪವರ್‌ಲೂಮ್ ಬಂದ ಮೇಲೆ ಊರು ಬೆಳೆದದ್ದೇ ಹೊರಗಿನಿಂದ ಬಂದ ಕೈಗಳಿಂದ. ಈಗ ಅಲ್ಲೇ ಜವಳಿ ಇಂಜಿನಿಯರಿಂಗ್ ಕಾಲೇಜಿದೆ. "ಅಲ್ಲೇ ಕಲಿಬಹುದಿತ್ತಲ್ಲೋ?" ಎಂದೆ. "ಮನ್ಯಾಗಿದ್ರ ಸಾಲಿ ಬಿಟ್ಟಕೂಡ್ಲೇ ಮಗ್ಗದ ಮುಂದ ನಿಲ್ಲಸ್ತಾರ್ರಿ ಕಾಕಾ" ಎಂದ. ಇಬ್ಬರೂ ಬೋರ್ಡಿಂಗ್ ಹುಡುಗರು. ಮಾತು ಬೇಗ ಫುಟ್‌ಬಾಲಿಗೆ ಹೋಯಿತು. ಕೊಲ್ಹಾಪುರದಲ್ಲಿ ತಾಲೀಮುಗಳ ಹೆಸರಿನಲ್ಲೇ ಫುಟ್‌ಬಾಲ್ ತಂಡಗಳಿವೆ. ಒಬ್ಬ ಪಾಟಾಕಡಿಲ್ ಕಡೆಯವ, ಇನ್ನೊಬ್ಬ ಖಂಡೋಬಾ ಕಡೆಯವ.

ದಸರೆಯ ಸಂಜೆ ಇರ್ತೀರಾ ಎಂದು ಇಬ್ಬರೂ ಕೇಳಿದರು. ಅಂದು ದಸರಾ ಚೌಕಿಗೆ ದೇವಿಯರ ಪಲ್ಲಕ್ಕಿ ಬರುತ್ತವೆ, ರಾಜಮನೆತನದವರು ಹಳೆಯ ಮೇಬ್ಯಾಕ್ ಕಾರಿನಲ್ಲಿ ಬರುತ್ತಾರೆ, ಶಮಿ ಪೂಜೆಯಾದೊಡನೆ ಇಡೀ ಬಯಲು 'ಬಂಗಾರ' ಲೂಟಿಗೆ ನುಗ್ಗುತ್ತದೆ. ನಮ್ಮಲ್ಲಿ ಬನ್ನಿ ಕೈಯಿಂದ ಕೈಗೆ ಮೆತ್ತಗೆ ದಾಟುತ್ತದೆ, ಇಲ್ಲಿ ಕಿತ್ತುಕೊಳ್ಳಬೇಕು. ಬೋರ್ಡಿಂಗಿನ ಮೆಟ್ಟಿಲ ಮೇಲೆ ನಿಂತರೆ ನೂಕುನುಗ್ಗಲಿಲ್ಲದೆ ಎಲ್ಲ ಕಾಣುತ್ತದೆಂದು ಗಡಹಿಂಗ್ಲಜದವನ ಸಲಹೆ. "ಸುಳ್ಳ ಹೇಳ್ತಾನ್ರಿ, ಹೋದ ವರ್ಷ ಅಲ್ಲೇ ಇವನ ಚಪ್ಪಲಿ ಹೋತು" ಎಂದು ಇನ್ನೊಬ್ಬ. ಭೇಳಿನ ದುಡ್ಡು ಯಾರು ಕೊಡಬೇಕೆಂಬ ಜಗಳ ತೀರುವ ಮುಂಚೆಯೇ, ಬೋರ್ಡಿಂಗಿನ ಗೇಟು ಹಾಕುವ ಹೊತ್ತಾಯಿತೆಂದು ಇಬ್ಬರೂ ಗಂಗಾವೇಸಿನ ಕಡೆ ಓಡಿದರು. ಗಾಡಿಯವನು ನನ್ನ ಕಡೆ ನೋಡಿದ. ಎರಡು ಭೇಳ್, ಒಂದು ಕಟ್‌ವಡಾ, ಒಂದು ದೋಸೆ, ಎಲ್ಲ ಕಾಕಾನ ಲೆಕ್ಕಕ್ಕೆ.